ಹೊರಗಿನ ಮೇಜಿನಲ್ಲೂ ಹೊಗೆಯಿಲ್ಲ: ನಾಲ್ಕು ಸ್ಟಾರ್
ಮಗಳಿಗೆ ಆಸ್ತಮಾ. ಹೋಟೆಲಿನ ಹೊರಗಿನ ಮೇಜುಗಳ ಆಸೆಯನ್ನೇ ಬಿಟ್ಟಿದ್ದೆ. ಇಲ್ಲಿ ಹೊರಾಂಗಣದಲ್ಲೂ ಸಿಗರೇಟು ಸೇದುವಂತಿಲ್ಲ ಎಂದು ತಿಳಿದು ಹೋದೆವು. ಒಂದೂವರೆ ಗಂಟೆ ಕೂತರೂ ಇನ್ಹೇಲರ್ ಚೀಲದಿಂದ ಹೊರಗೆ ಬರಲಿಲ್ಲ!

ಬಯಲಲ್ಲವೇ, ಹೊಗೆ ಹಾರಿಹೋಗುತ್ತದೆ ಎನ್ನುವವರಿದ್ದಾರೆ. ಗಾಳಿ ನಿಂತ ಹೊತ್ತಿನಲ್ಲಿ ಪಕ್ಕದ ಮೇಜಿನ ಹೊಗೆ ನೇರ ಮುಖಕ್ಕೇ ಬರುತ್ತದೆ. ಅದರಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಸುಮಾರು 70 ಕ್ಯಾನ್ಸರ್ ತರುವಂಥವು. ನ್ಯೂಯಾರ್ಕ್ ನಗರ 2011ರಲ್ಲೇ ಉದ್ಯಾನ, ಕಡಲತೀರಗಳಲ್ಲಿ ಧೂಮಪಾನ ನಿಷೇಧಿಸಿತು.

ಒಬ್ಬರು ಹಚ್ಚಿದಾಗ ಸಿಬ್ಬಂದಿ ಹತ್ತಿರ ಹೋಗಿ ಮೆಲ್ಲಗೆ ಹೇಳಿದರು, ಅವರು ಆರಿಸಿದರು. ಜಗಳವಿಲ್ಲ.

ಒಂದು ಸ್ಟಾರ್ ಕಡಿಮೆಯಾದದ್ದು ಬಾಗಿಲಿನಿಂದಾಗಿ. ಸೇದುವವರೆಲ್ಲ ಅಲ್ಲೇ ಗುಂಪುಗೂಡುತ್ತಾರೆ. ಮಗಳು ಉಸಿರು ಬಿಗಿಹಿಡಿದು ದಾಟಬೇಕಾಯಿತು. ದಯವಿಟ್ಟು ಆ ಜಾಗವನ್ನು ದೂರ ಸರಿಸಿ.