ರಸ್ತೆ ಬದಿ ಪಾರ್ಕಿಂಗ್ ಆ್ಯಪ್: ಮ್ಯಾಪ್ ನಂಬಬೇಡಿ

ದುಡ್ಡು ಕಟ್ಟುವ ಕೆಲಸ ನಿಜಕ್ಕೂ ಸಲೀಸು. ಬೋರ್ಡಿನ ಮೇಲಿರುವ ಝೋನ್ ನಂಬರ್, ಗಾಡಿ ನಂಬರ್, ಎಷ್ಟು ಹೊತ್ತು ಅಂತ ಹಾಕಿದರೆ ಆಯಿತು. ಟೈಮ್ ಮುಗಿಯುವ ಮುಂಚೆ ಮೆಸೇಜ್ ಬರುತ್ತದೆ, ಕೂತಲ್ಲೇ ಹೆಚ್ಚಿಸಬಹುದು, ಚಿಲ್ಲರೆ ಹುಡುಕುವ ಗೋಳಿಲ್ಲ. ಆದರೆ ಖಾಲಿ ಜಾಗ ತೋರಿಸುವ ಮ್ಯಾಪ್ ಇದೆಯಲ್ಲ, ಅದು ಲೆಕ್ಕ ಹಾಕುವುದು ದುಡ್ಡು ಕಟ್ಟಿದ ಗಾಡಿಗಳನ್ನು ಮಾತ್ರ, ಕಟ್ಟದೆ ನಿಲ್ಲಿಸಿದವರು, ಡೆಲಿವರಿ ವ್ಯಾನು ಯಾವುದೂ ಅದಕ್ಕೆ ಕಾಣುವುದಿಲ್ಲ, ಹಾಗಾಗಿ ಹಸಿರು ತೋರಿಸಿದ ಕಡೆ ಹೋದರೆ ಸಾಲಾಗಿ ಕಾರುಗಳೇ ನಿಂತಿರುತ್ತವೆ! ಜಿಪಿಎಸ್ ತಾನೇ ಆರಿಸಿದ ಝೋನನ್ನೂ ಸುಮ್ನೆ ಒಪ್ಪಿಕೊಳ್ಳಬೇಡಿ. ರಸ್ತೆಯ ಆಚೆ ಬದಿ ಬೇರೆ ಝೋನ್ ಇರಬಹುದು, ಆಗ ದುಡ್ಡು ಕಟ್ಟಿಯೂ ದಂಡ ಬೀಳುತ್ತದೆ. ಬೇಗ ಹೊರಟರೆ ಉಳಿದದ್ದು ವಾಪಸ್ ಇಲ್ಲ. ಮೇಲೆ ಸರ್ವಿಸ್ ಚಾರ್ಜ್ ಬೇರೆ, ಅದು ಸ್ವಲ್ಪ ಜಾಸ್ತಿ ಆಯಿತು ಅಲ್ವಾ?