ಸೌತ್ ಟಿರೋಲ್‌ನ ಕಣಿವೆ ಸೈಕಲ್ ದಾರಿಗಳು: ವರ್ಷಗಟ್ಟಲೆ ಬಳಸಿದ ಮೇಲೆ ಬರೆದದ್ದು

ಮ್ಯೂನಿಕ್‌ಗೆ ಬಂದು ನೆಲೆಸಿದ ಮೇಲೆ ನಮ್ಮ ಮನೆಯವರೆಲ್ಲ ವರ್ಷಾ ವರ್ಷಾ ತಪ್ಪದೆ ಹೋಗುವ ಜಾಗ ಅಂದರೆ ಇಟಲಿಯ ಉತ್ತರ ತುದಿಯ ಸೌತ್ ಟಿರೋಲ್. ರೈಲಿನಲ್ಲಿ ಆಸ್ಟ್ರಿಯಾ–ಇಟಲಿ ಗಡಿಯ ಬ್ರೆನ್ನರ್ ದಾಟಿದರೆ ಸುಮಾರು ನಾಲ್ಕು ಗಂಟೆಯಲ್ಲಿ ಅಲ್ಲಿನ ಮುಖ್ಯ ಪಟ್ಟಣ ಬೋಲ್ಜಾನೊ. ಅಲ್ಲಿನ ದೊಡ್ಡ ಕಣಿವೆಗಳ ಉದ್ದಕ್ಕೂ ಸೈಕಲ್ಲಿಗೆಂದೇ ಮಾಡಿದ ದಾರಿಗಳಿವೆ. ಕಾರು, ಲಾರಿ ಬರುವುದಿಲ್ಲ. ಊರೊಳಗೆ ಹಾದುಹೋಗುವ ಕಡೆ ಮಾತ್ರ ಸ್ವಲ್ಪ ದೂರ ಸಣ್ಣ ರಸ್ತೆಗೆ ಸೇರಿ ಮತ್ತೆ ಬೇರೆಯಾಗುತ್ತದೆ. ನನ್ನದು ರೋಡ್ ಬೈಕ್ (ತೆಳು ಟೈರಿನ, ವೇಗದ ಸೈಕಲ್), ಮನೆಯವರದು ಸಾದಾ ಸೈಕಲ್, ಮಗಳದು ಮಕ್ಕಳ ಸೈಕಲ್. ಮೂರಕ್ಕೂ ಒಗ್ಗುವ ದಾರಿ ಬೇರೆ ಕಡೆ ಇಷ್ಟು ಸುಲಭವಾಗಿ ನಮಗೆ ಸಿಕ್ಕಿಲ್ಲ.

ಕಾರಿಲ್ಲದ ದಾರಿ ಯುರೋಪಿನಲ್ಲಿ ಬೇಕಾದಷ್ಟಿವೆ. ಇಲ್ಲಿನ ವಿಶೇಷ ಪಕ್ಕದಲ್ಲೇ ಓಡುವ ರೈಲು. ಕಣಿವೆ ಅಂದರೆ ಒಂದು ಕಡೆ ಏರು, ಇನ್ನೊಂದು ಕಡೆ ಇಳಿಜಾರು, ಅಲ್ವಾ? ರೈಲಿನಲ್ಲಿ ಮೇಲೆ ಹೋಗಿ ಸೈಕಲ್‌ನಲ್ಲಿ ಕೆಳಗೆ ಬರಬಹುದು. ಕಾಲು ನೋವು ಬಂತು, ಮಳೆ ಬಂತು, ಮಗು ಹಟ ಹಿಡಿಯಿತು ಅಂದರೆ ಮುಂದಿನ ಸ್ಟೇಷನ್‌ನಲ್ಲಿ ನಿಲ್ಲಿಸಿ ರೈಲು ಹತ್ತಬಹುದು. ಬಾಡಿಗೆ ಸೈಕಲ್ ಕೂಡ ಒಂದು ಊರಿನ ಸ್ಟೇಷನ್ ಹತ್ತಿರ ತೆಗೆದುಕೊಂಡು ಇನ್ನೊಂದು ಊರಲ್ಲಿ ಬಿಡಬಹುದು. ರೈಲು ಮತ್ತು ಬಾಡಿಗೆ ಸೈಕಲ್ ಎರಡನ್ನೂ ಸೇರಿಸಿದ ಬೈಕ್‌ಮೊಬಿಲ್ ಕಾರ್ಡ್ ಅಂತ ಒಂದಿದೆ, 1, 3 ಮತ್ತು 7 ದಿನಗಳಿಗೆ. ಸ್ವಂತ ಸೈಕಲ್ ಇಲ್ಲದೆ ಭಾರತದಿಂದ ಬರುವವರಿಗೆ ಇದೇ ಸರಿ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಫಿನ್ಷ್‌ಗಾವ್ ಕಣಿವೆ. ಆಸ್ಟ್ರಿಯಾ ಗಡಿಯ ರೆಶನ್ ಪಾಸ್ (ಪಾಸ್ ಅಂದರೆ ಬೆಟ್ಟ ದಾಟುವ ಜಾಗ) ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಕೆಳಗಿನ ಮೆರಾನ್ 325 ಮೀಟರ್. ನಡುವೆ ಸುಮಾರು 80 ಕಿ.ಮೀ. ಆಡಿಜೆ ನದಿ ಹುಟ್ಟುವ ಜಾಗದಿಂದ ಅದರ ಜೊತೆಯಲ್ಲೇ ಇಳಿದು ಬರುವ ದಾರಿ ಇದು. ರೋಮನ್ನರು ಆಲ್ಪ್ಸ್ ದಾಟಲು ಮಾಡಿದ ವಿಯಾ ಕ್ಲಾಡಿಯಾ ಅಗಸ್ಟಾ ಹೋಗುತ್ತಿದ್ದದ್ದೂ ಇದೇ ಕಣಿವೆಯಲ್ಲಿ. ಮೇಲೆ ರೆಶನ್ ಕೆರೆಯ ನೀರಿನೊಳಗಿಂದ ಒಂದು ಚರ್ಚಿನ ಗೋಪುರ ಮಾತ್ರ ಎದ್ದು ನಿಂತಿದೆ. 1950ರಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿ ಗ್ರಾವ್ನ್ ಎಂಬ ಊರನ್ನೇ ಮುಳುಗಿಸಿದರು. ಹೊಲ ಮನೆ ಕಳೆದುಕೊಂಡ ಜನ ಮೇಲೆ ಹೊಸ ಊರು ಕಟ್ಟಿಕೊಂಡರು, ಹಲವರು ಊರು ಬಿಟ್ಟೇ ಹೋದರು. ಶರಾವತಿ ಹಿನ್ನೀರಿನ ಕಡೆಯವಳಾದ ನಮ್ಮಮ್ಮ ಆ ಗೋಪುರದ ಮುಂದೆ ತುಂಬ ಹೊತ್ತು ನಿಂತಿದ್ದರು. ಎಲ್ಲರೂ ಅಲ್ಲಿ ಫೋಟೋ ತೆಗೆದು ಹೊರಡುತ್ತಾರೆ. ನೀವು ಹೋದರೆ ಪಕ್ಕದ ಫಲಕವನ್ನೂ ಓದಿ.

ಕೆರೆಯ ಕೆಳಗೆ ಬುರ್ಗೈಸ್ ಕಡೆಗೆ ಇಳಿಯುವ ಭಾಗ ಕಡಿದಾಗಿದೆ. ಬ್ರೇಕ್ ಗಟ್ಟಿ ಇರಬೇಕು. ಬೆಟ್ಟದ ಮೇಲೆ ಬಿಳಿಯ ಮರಿಯನ್‌ಬರ್ಗ್ ಮಠ ಕಾಣಿಸಿದರೆ ಮಾಲ್ಸ್ ಹತ್ತಿರ ಬಂತು ಅಂತ ಅರ್ಥ. ರೈಲು ಬರುವುದು ಮಾಲ್ಸ್ ತನಕ ಮಾತ್ರ. ಮಕ್ಕಳು, ವಯಸ್ಸಾದವರು ಇದ್ದರೆ ರೆಶನ್ ಬಿಟ್ಟು ಮಾಲ್ಸ್‌ನಿಂದಲೇ ಶುರು ಮಾಡಿ. ಸ್ವಲ್ಪ ಕೆಳಗೆ ಗ್ಲುರ್ನ್ಸ್, ಸುತ್ತಲೂ ಕೋಟೆ ಗೋಡೆ ಇನ್ನೂ ಉಳಿದಿರುವ ಪುಟ್ಟ ಪಟ್ಟಣ. ಮುಂದೆ ಲಾಸ್, ಅಮೃತಶಿಲೆಯ ಊರು. ಆಮೇಲೆ ಸೇಬಿನ ತೋಟ ಶುರುವಾದರೆ ಮೆರಾನ್ ತನಕ ಸೇಬೇ ಸೇಬು. ಏಪ್ರಿಲ್‌ನಲ್ಲಿ ಹೂವು, ಸೆಪ್ಟೆಂಬರ್‌ನಲ್ಲಿ ಕೈಗೆಟುಕುವ ಹಣ್ಣು. ದಯವಿಟ್ಟು ಕೀಳಬೇಡಿ. ಅದು ರೈತರ ಬೆಳೆ, ದಾರಿ ಪಕ್ಕದಲ್ಲೇ ಅಲ್ಲಲ್ಲಿ ಮಾರಾಟಕ್ಕೂ ಇಟ್ಟಿರುತ್ತಾರೆ. ಮೆರಾನ್‌ಗೆ ಮುಂಚೆ ಟ್ಯೋಲ್ ಹತ್ತಿರ ದಾರಿ ಮತ್ತೆ ಒಮ್ಮೆಲೇ ತಿರುವು ತಿರುವಾಗಿ ಇಳಿಯುತ್ತದೆ. ಹೊಸಬರು ಇಲ್ಲಿ ಇಳಿದು ತಳ್ಳಿಕೊಂಡು ಹೋದರೂ ಪರವಾಗಿಲ್ಲ, ಕೆಳಗಿನಿಂದ ಏರಿ ಬರುವವರೂ ಇರುತ್ತಾರೆ.

ಈ ರೈಲಿನ ಕಥೆ ನನಗೆ ತುಂಬ ಇಷ್ಟ. 1906ರಲ್ಲಿ ಶುರುವಾದ ಮೆರಾನ್–ಮಾಲ್ಸ್ ಮಾರ್ಗವನ್ನು 1990ರಲ್ಲಿ ನಷ್ಟ ಅಂತ ಮುಚ್ಚಿದ್ದರು. ಪ್ರಾಂತ್ಯದ ಸರ್ಕಾರ ಅದನ್ನು ತಾನೇ ವಹಿಸಿಕೊಂಡು ರಿಪೇರಿ ಮಾಡಿಸಿ 2005ರಲ್ಲಿ ಮತ್ತೆ ಓಡಿಸಿತು. ಸೈಕಲ್ಲಿನವರು ಈ ಕಣಿವೆಗೆ ಇಷ್ಟು ಬರುವುದಕ್ಕೆ ಅದೂ ಒಂದು ದೊಡ್ಡ ಕಾರಣ. ಈಚೆಗೆ ವಿದ್ಯುದೀಕರಣದ ಕೆಲಸಕ್ಕೆ ಮಾರ್ಗವನ್ನು ಮುಚ್ಚುತ್ತಿದ್ದಾರೆ, ಹಾಗಾಗಿ ಟಿಕೆಟ್, ಹೋಟೆಲ್ ಎಲ್ಲ ಮಾಡುವ ಮುಂಚೆ ಆ ದಿನ ರೈಲು ಓಡುತ್ತದೆಯಾ ಅಂತ ನೋಡಿಕೊಳ್ಳಿ.

ಅಮ್ಮನ ವಿಷಯ ಹೇಳಲೇಬೇಕು. ಅವರು ಹಳ್ಳಿ ಶಾಲೆಯಲ್ಲಿ ಟೀಚರ್ ಆಗಿದ್ದವರು, ಆಗ ದಿನಾ ಸೈಕಲ್‌ನಲ್ಲೇ ಹೋಗಿ ಬರುತ್ತಿದ್ದರು. ರಿಟೈರ್ ಆದ ಮೇಲೆ ಮುಟ್ಟಿರಲಿಲ್ಲ. ಊರಲ್ಲಿ ಈಗ ರಸ್ತೆಗೆ ಇಳಿಯಲು ಭಯ ಅನ್ನುತ್ತಿದ್ದರು. ಮಾಲ್ಸ್‌ನಲ್ಲಿ ಹ್ಯಾಂಡಲ್ ಹಿಡಿದು ಸ್ವಲ್ಪ ಹೊತ್ತು ಅಕ್ಕಪಕ್ಕ ನೋಡಿ, "ಹಿಂದಿನಿಂದ ಏನೂ ಬರಲ್ವಲ್ಲ?" ಅಂತ ಮತ್ತೆ ಮತ್ತೆ ಕೇಳಿ ಹೊರಟರು. ಲಾಸ್ ದಾಟುವ ಹೊತ್ತಿಗೆ ನನಗಿಂತ ಮುಂದೆ ಇದ್ದರು. ಹಿಂದೆ ಹಾರ್ನ್ ಇಲ್ಲದಿದ್ದರೆ ಎಷ್ಟು ಜನ ಮತ್ತೆ ಸೈಕಲ್ ಹತ್ತುತ್ತಾರೋ ಅಂತ ನನಗೆ ಅವತ್ತು ಅನ್ನಿಸಿತು.

ಇನ್ನು ರೋಡ್ ಬೈಕ್‌ನವರಿಗೆ. ದಾರಿ ಬಹುಪಾಲು ಒಳ್ಳೆಯ ಡಾಂಬರು, ಕೆಲವು ಕಡೆ ಗಟ್ಟಿ ಜಲ್ಲಿ. 28 ಮಿ.ಮೀ. ಅಗಲದ ಟೈರ್ ಇದ್ದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಕಾರಿಲ್ಲ ಅಂದರೆ ಖಾಲಿ ಅಂತ ಅಲ್ಲ. ತೋಟದ ಟ್ರಾಕ್ಟರ್ ಬರುತ್ತದೆ, ಸುಗ್ಗಿಯಲ್ಲಿ ಜಾಸ್ತಿ. ನಾಯಿ ಹಿಡಿದವರು, ಮಕ್ಕಳ ಗಾಡಿ ಎಳೆಯುವವರು, ಇ-ಬೈಕ್ (ಬ್ಯಾಟರಿ ಸೈಕಲ್) ಗುಂಪುಗಳು. ಭಾನುವಾರ ಮಧ್ಯಾಹ್ನ ಇಲ್ಲಿ ತಲೆ ಬಗ್ಗಿಸಿ ವೇಗ ಹಿಡಿಯುವುದು ತಪ್ಪು, ನನಗೆ ಅದರಲ್ಲಿ ಎರಡು ಮಾತಿಲ್ಲ. ವೇಗ ಬೇಕಿದ್ದರೆ ಬೆಳಗ್ಗೆ ಬೇಗ ಹೊರಡಿ. ಇಲ್ಲವೇ ಬೋಲ್ಜಾನೊದಿಂದ ಟ್ರೆಂಟೊ ಕಡೆಗೆ ಹೋಗಿ, ಸುಮಾರು 60 ಕಿ.ಮೀ., ನದಿಯ ಏರಿಯ ಪಕ್ಕ ಹೆಚ್ಚು ಕಡಿಮೆ ಸಮತಟ್ಟು, ದೂರದ ತನಕ ಕಾಣುತ್ತದೆ. ಮಧ್ಯಾಹ್ನ ಆದ ಮೇಲೆ ಗಾರ್ಡಾ ಕೆರೆಯ ಕಡೆಯಿಂದ ಓರಾ ಎನ್ನುವ ಗಾಳಿ ಎದುರಿಗೆ ಬೀಸುತ್ತದೆ. ಅದಕ್ಕೇ ಬೆಳಗ್ಗೆ ದಕ್ಷಿಣಕ್ಕೆ ಹೋಗಿ, ರೈಲಿನಲ್ಲಿ ವಾಪಸ್ ಬನ್ನಿ. ಗಾಳಿ ಬೆನ್ನಿಗೆ ಬೇಕು ಅನ್ನುವವರು ಮಧ್ಯಾಹ್ನ ಟ್ರೆಂಟೊದಿಂದ ಉತ್ತರಕ್ಕೆ ಬರುವುದೂ ಉಂಟು.

ಬ್ರೆನ್ನರ್–ಬೋಲ್ಜಾನೊ ದಾರಿ ಸುಮಾರು 96 ಕಿ.ಮೀ., 1,370 ಮೀಟರ್ ಎತ್ತರದಿಂದ 262ಕ್ಕೆ ಇಳಿಯುತ್ತದೆ. 1867ರಲ್ಲಿ ಮಾಡಿದ ಬ್ರೆನ್ನರ್ ರೈಲಿಗೆ 1990ರ ದಶಕದಲ್ಲಿ ಕೆಲವು ಕಡೆ ಹೊಸ ಸುರಂಗಗಳಾದವು. ಬಿಟ್ಟುಹೋದ ಹಳೆಯ ಹಳಿಯ ಜಾಗವನ್ನು ಸೈಕಲ್ಲಿಗೆ ಕೊಟ್ಟಿದ್ದಾರೆ. ರೈಲಿನ ದಾರಿ ಆದ್ದರಿಂದ ಇಳಿಜಾರು ನಯವಾಗಿದೆ, ಬೆಳಕು ಹಾಕಿದ ಹಳೆಯ ಸುರಂಗಗಳೊಳಗೆ ಹಾಯುವ ಮಜಾ ಬೇರೆ. ಬೇಸಿಗೆಯಲ್ಲೂ ಒಳಗೆ ತಣ್ಣಗೆ. ಸ್ಟರ್ಟ್ಸಿಂಗ್ ಆದ ಮೇಲೆ ಮಾತ್ರ ಸಣ್ಣ ಸಣ್ಣ ಏರುಗಳು ಬರುತ್ತವೆ, ಇಳಿಜಾರೇ ಅಂದುಕೊಂಡು ಬಂದವರಿಗೆ ಬೇಸರವಾಗುತ್ತದೆ. ಇನ್ನೊಂದು ಕೊರತೆ ಸದ್ದು. ಎ22 ಹೆದ್ದಾರಿ ಇದೇ ಕಣಿವೆಯಲ್ಲಿ ಎತ್ತರದ ಕಂಬಗಳ ಮೇಲೆ ಹೋಗುತ್ತದೆ. ಲಾರಿ ನಿಮ್ಮ ಪಕ್ಕ ಬರುವುದಿಲ್ಲ, ಆದರೆ ಕಿವಿಗೆ ಬರುತ್ತದೆ. ಶಾಂತಿ ಬೇಕಿದ್ದವರಿಗೆ ಫಿನ್ಷ್‌ಗಾವ್ ಮೇಲು. ಬ್ರಿಕ್ಸೆನ್‌ನಲ್ಲಿ ಒಂದು ರಾತ್ರಿ ಉಳಿದರೆ ಎರಡು ದಿನಕ್ಕೆ ಹಂಚಿಕೊಳ್ಳಬಹುದು.

ಮಕ್ಕಳಿಗೆ ಟೋಬ್ಲಾಖ್–ಲಿಯೆಂಟ್ಸ್. ಡ್ರಾವ್ ನದಿಯ ಜೊತೆ ಆಸ್ಟ್ರಿಯಾಕ್ಕೆ ಇಳಿಯುವ ಸುಮಾರು 45 ಕಿ.ಮೀ. ಮಧ್ಯೆ ಹೈನ್‌ಫೆಲ್ಸ್‌ನಲ್ಲಿ ಲೋಕರ್ ವೇಫರ್ ಕಾರ್ಖಾನೆಯ ಅಂಗಡಿ. ಮಗಳು ಅಲ್ಲಿ ತನಕ ಒಂದೇ ಉಸಿರಿಗೆ ಬರುತ್ತಾಳೆ. ಆಗಸ್ಟ್‌ನಲ್ಲಿ ಮಾತ್ರ ಬೇಡ, ಇಟಲಿಯವರ ರಜೆ, ಅರ್ಧ ದೇಶವೇ ಅಲ್ಲಿರುತ್ತದೆ. ಸಂಜೆ ಲಿಯೆಂಟ್ಸ್‌ನಿಂದ ವಾಪಸ್ ರೈಲಿಗೆ ಸೈಕಲ್ ಹಿಡಿದುಕೊಂಡು ದೊಡ್ಡ ಸಾಲು.

ಈ ಸಾಲೇ ನನ್ನ ದೊಡ್ಡ ದೂರು. ರೈಲಿನಿಂದಲೇ ಈ ದಾರಿಗಳಿಗೆ ಬೆಲೆ ಬಂದಿದೆ, ಆದರೆ ರೈಲಿನಲ್ಲಿ ಸೈಕಲ್ಲಿಗೆ ಜಾಗ ಸಾಲದು. ಇ-ಬೈಕ್ ಬಂದ ಮೇಲೆ ಇನ್ನೂ ಕಷ್ಟ. ಅವು ಭಾರ, ಎತ್ತಿಡಲು ಆಗುವುದಿಲ್ಲ, ಜಾಗವೂ ಜಾಸ್ತಿ ತಿನ್ನುತ್ತವೆ. ಬಿಸಿಲಲ್ಲಿ ಮಗುವನ್ನು ಹಿಡಿದುಕೊಂಡು ಮುಂದಿನ ರೈಲಿಗೆ ಕಾಯುವುದು ಸುಖವಲ್ಲ. ಬಾಡಿಗೆ ಸೈಕಲ್ ತೆಗೆದುಕೊಂಡರೆ ಈ ತಾಪತ್ರಯ ಇಲ್ಲ, ಅಲ್ಲೇ ಬಿಟ್ಟು ಬರಬಹುದು. ಆದರೆ ತೆಗೆದುಕೊಳ್ಳುವ ಮುಂಚೆ ಬ್ರೇಕ್ ಒತ್ತಿ ನೋಡಿ. ಒಮ್ಮೆ ಒಂದು ಅಂಗಡಿಯವರು ಸವೆದ ಪ್ಯಾಡ್ ಇರುವ ಸೈಕಲ್ ಕೊಟ್ಟು, ತೋರಿಸಿದ ಮೇಲೂ "ಇಳಿಜಾರು ಜಾಸ್ತಿ ಇಲ್ಲ" ಅಂದರು. ಟ್ಯೋಲ್ ತಿರುವುಗಳನ್ನು ನೋಡಿದ ಯಾರೂ ಹಾಗೆ ಹೇಳಬಾರದು. ಅವರು ಬೇರೆ ಸೈಕಲ್ ಕೊಡುವ ತನಕ ನಾವು ಅಲ್ಲಿಂದ ಕದಲಲಿಲ್ಲ.

ಊಟ. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಪಾಲಕ್ ಮತ್ತು ಮೊಸರಿನಂಥ ಚೀಸ್ ತುಂಬಿದ ಶ್ಲುಟ್ಸ್‌ಕ್ರಾಪ್‌ಫೆನ್ ಬಹುತೇಕ ಕಡೆ ಸಿಗುತ್ತದೆ, ನೋಡಲು ಸಣ್ಣ ಕರ್ಜಿಕಾಯಿ ಹಾಗೆ. ಕ್ನೋಡೆಲ್ ಎಂಬ ಬ್ರೆಡ್ಡಿನ ಉಂಡೆಯಲ್ಲಿ ಪಾಲಕ್ಕಿನದು ಕೇಳಿ, ಸಾದಾ ಅಂದರೆ ಒಳಗೆ ಸ್ಪೆಕ್ ಎಂಬ ಹಂದಿ ಮಾಂಸ ಇರುತ್ತದೆ. ಮೊಟ್ಟೆ ಎಲ್ಲದರಲ್ಲೂ ಇರಬಹುದು, ತಿನ್ನದವರು ವಿಚಾರಿಸಿ. ಫಿನ್ಷ್‌ಗಾವ್‌ನ ರೈ ಬ್ರೆಡ್‌ಗೆ ಮೆಂತ್ಯದ ಬಳಗದ ಒಂದು ಸೊಪ್ಪು ಹಾಕುತ್ತಾರೆ. ಅಮ್ಮನಿಗೆ ಮೊದಲ ತುತ್ತಿಗೇ ಗೊತ್ತಾಯಿತು. ನಾವು ಉಪ್ಪಿನಕಾಯಿ ಡಬ್ಬಿ ತೆಗೆದು ಅದರ ಜೊತೆ ನೆಂಚಿಕೊಂಡೆವು, ಚೆನ್ನಾಗಿ ಒಗ್ಗುತ್ತದೆ. ಕುಡಿಯುವ ನೀರು ಹಳ್ಳಿಗಳ ಕಲ್ಲಿನ ತೊಟ್ಟಿಗಳಲ್ಲಿ ಹರಿಯುತ್ತಿರುತ್ತದೆ, ಸುಮ್ನೆ ಬಾಟಲಿ ಕೊಳ್ಳಬೇಡಿ.

ಜುಲೈನಲ್ಲಿ ಬೋಲ್ಜಾನೊ ಕಡೆ ಹೋಗಬೇಡಿ ಅಂತ ನಾನು ಹೇಳುತ್ತೇನೆ. ಆಲ್ಪ್ಸ್ ಅಂದರೆ ತಂಪು ಅಂದುಕೊಂಡು ಬರುತ್ತಾರೆ, ಆದರೆ ಬೆಟ್ಟಗಳ ನಡುವಿನ ಆ ತಗ್ಗಿನಲ್ಲಿ ಸುಡುವ ಬಿಸಿಲು. ಆಗ ಟೋಬ್ಲಾಖ್, ಮಾಲ್ಸ್‌ನಂಥ ಎತ್ತರದ ಊರುಗಳೇ ಸರಿ.

ಏರಲೇಬೇಕು ಅನ್ನುವ ರೋಡ್ ಬೈಕ್‌ನವರು ಸ್ಟೆಲ್ವಿಯೊ ಬೈಕ್ ಡೇ ದಿನಾಂಕ ನೋಡಿಕೊಂಡು ಬನ್ನಿ. ವರ್ಷಕ್ಕೊಂದು ದಿನ, ಸಾಮಾನ್ಯವಾಗಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಶುರುವಿನಲ್ಲಿ, 2,757 ಮೀಟರ್ ಎತ್ತರದ ಸ್ಟೆಲ್ವಿಯೊ ಪಾಸ್‌ನ ರಸ್ತೆಯನ್ನು ಗಾಡಿಗಳಿಗೆ ಮುಚ್ಚುತ್ತಾರೆ. ಬೇರೆ ದಿನಗಳಲ್ಲಿ ಮೋಟರ್‌ಸೈಕಲ್‌ಗಳ ಗದ್ದಲದಲ್ಲಿ ಏರಬೇಕು. ಅವತ್ತು ಚೈನಿನ ಸದ್ದು, ಉಸಿರಿನ ಸದ್ದು ಮಾತ್ರ. ಪ್ರಾಡ್‌ನಿಂದ ಶುರು, ಸುಮಾರು 24 ಕಿ.ಮೀ., 48 ತಿರುವು, 1,800 ಮೀಟರ್ ಏರು. ಕಣಿವೆ ದಾರಿ ಪ್ರಾಡ್‌ಗೆ ಹತ್ತಿರವೇ ಹೋಗುವುದರಿಂದ ಕಾಲು ಬೆಚ್ಚಗೆ ಮಾಡಿಕೊಂಡು ಏರಬಹುದು. ಮೇಲೆ ಸೆಪ್ಟೆಂಬರ್‌ನಲ್ಲೂ ಹಿಮ ಬೀಳುವುದುಂಟು, ಇಳಿಯುವಾಗ ಗಾಳಿ ತಡೆಯುವ ಜಾಕೆಟ್ ಮತ್ತು ಪೂರ್ತಿ ಬೆರಳಿನ ಗ್ಲೌಸ್ ಬೇಕೇ ಬೇಕು. ಇಂಥ ದಿನ ವರ್ಷಕ್ಕೆ ಒಂದೇ ಯಾಕೆ, ಬೇಸಿಗೆಯಲ್ಲಿ ತಿಂಗಳಿಗೊಂದು ಕೊಡಲಿ ಅಂತ ನಾನು ಅಲ್ಲಿನ ಪ್ರವಾಸ ಕಚೇರಿಗೆ ಬರೆದಿದ್ದೇನೆ, ಹೋಗಿ ಬಂದವರು ನೀವೂ ಬರೆಯಿರಿ.