ನಾಜಲ್ ಪದೇ ಪದೇ ‘ಟಕ್’ ಎನ್ನುವ ಮೀನುಗಾರಿಕೆ ಬೋಟಿಗೆ ಏನು ಕೊಳ್ಳಬೇಕು, ಏನು ಬೇಡ

ಅಮೆರಿಕದ ಬೋಟ್ ಸಾಮಾನಿನ ಅಂಗಡಿಗಳಲ್ಲಿ ಇಂಧನ ವಿಭಾಗದ ಗೋಡೆಗೆ ಸಾಮಾನ್ಯವಾಗಿ ನಾಲ್ಕು ಬಗೆಯ ಸರಕು ನೇತುಹಾಕಿರುತ್ತಾರೆ: ಬೋಟಿನ ಪಕ್ಕಕ್ಕೆ ಕೂರಿಸುವ ವೆಂಟ್ (ಟ್ಯಾಂಕಿನ ಗಾಳಿ ಹೋಗಿಬರುವ ದಾರಿ) ಮೂತಿ, ಟ್ಯಾಂಕಿನಿಂದ ಅಲ್ಲಿಗೆ ಬರುವ ಹೋಸ್, ಹೋಸಿನ ನಡುವೆ ಸೇರಿಸುವ ಸರ್ಜ್ ವಾಲ್ವ್, ಚೆಲ್ಲಿದ್ದನ್ನು ಹಿಡಿಯಲು ಹೊರಗಿನಿಂದ ಅಂಟಿಸುವ ಬಾಟಲಿ. ಹದಿನೆಂಟರಿಂದ ಇಪ್ಪತ್ತೆರಡು ಅಡಿಯ ಫೈಬರ್ ಬೋಟು, ನೆಲಹಾಸಿನಡಿ ಹುದುಗಿದ ಪೆಟ್ರೋಲ್ ಟ್ಯಾಂಕು, ಬಂಕಿನಲ್ಲಿ ಎರಡು ಲೀಟರಿಗೊಮ್ಮೆ ಟಕ್ಕೆಂದು ನಿಲ್ಲುವ ನಾಜಲ್ ಇದ್ದವರ ಕೈ ಮೊದಲು ಹೋಗುವುದು ಸರ್ಜ್ ವಾಲ್ವಿಗೆ. ಪೊಟ್ಟಣದ ಮೇಲೆ ಬರೆದ ಭರವಸೆ ಹಾಗಿರುತ್ತದೆ. ಆದರೆ ಈ ನಾಲ್ಕರಲ್ಲಿ ದುಡ್ಡಿಗೆ ತಕ್ಕ ಕೆಲಸ ಮಾಡುವುದು ಹೋಸು, ಆಮೇಲೆ ಮೂತಿ. ವಾಲ್ವು ಕಡೆಯ ಮಾತು.

ಯಾಕೆಂದರೆ ಟ್ಯಾಂಕ್ ತುಂಬಿದೆಯೋ ಇಲ್ಲವೋ ನಾಜಲ್‌ಗೆ ಗೊತ್ತೇ ಇರುವುದಿಲ್ಲ. ಅದರ ತುದಿಯ ಹತ್ತಿರ ಒಂದು ಪುಟ್ಟ ತೂತಿದೆ. ಪೆಟ್ರೋಲ್ ಹರಿಯುವಾಗ ಒಳಗಿನ ವೆಂಚುರಿ (ನಡುವೆ ಕಿರಿದಾದ ಕೊಳವೆ) ಆ ತೂತಿನಿಂದ ಗಾಳಿ ಎಳೆಯುತ್ತಿರುತ್ತದೆ. ತೂತಿಗೆ ಪೆಟ್ರೋಲ್ ಅಡ್ಡಬಂದ ಕ್ಷಣ ಒಳಗೆ ನಿರ್ವಾತ ಏರಿ, ಡಯಾಫ್ರಮ್ ಎಂಬ ತೆಳು ಪೊರೆಯನ್ನು ಸೆಳೆದು, ಲಿವರ್ ಕಳಚಿಕೊಳ್ಳುತ್ತದೆ. ಅಲ್ಲಿನ ರಸ್ತೆಬದಿಯ ಬಂಕುಗಳಲ್ಲಿ ಪೆಟ್ರೋಲ್ ಹರಿವಿನ ಮಿತಿ ನಿಮಿಷಕ್ಕೆ 10 ಗ್ಯಾಲನ್, ಅಂದರೆ ಸುಮಾರು 38 ಲೀಟರ್. 38 ಲೀಟರ್ ಒಳಗಿಳಿಯಬೇಕಾದರೆ ಅಷ್ಟೇ ಗಾಳಿ ವೆಂಟಿನಿಂದ ಹೊರಬೀಳಬೇಕು. ದಾರಿ ಸಿಗದ ಗಾಳಿ, ಪೆಟ್ರೋಲ್ ಒಳಗಿಳಿಯುವ ಫಿಲ್ ಹೋಸಿನಲ್ಲೇ ಗುಳುಗುಳು ಎಂದು ಮೇಲೇರುತ್ತದೆ, ಪೆಟ್ರೋಲನ್ನೂ ತಳ್ಳಿಕೊಂಡು ಬರುತ್ತದೆ, ನಾಜಲ್ ನಿಲ್ಲುತ್ತದೆ.

ಹಾಗಾಗಿ ಕೊಳ್ಳುವ ಮುನ್ನ ಲಕ್ಷಣ ನೋಡಿ. ಖಾಲಿ ಟ್ಯಾಂಕಿಗೆ ಹಾಕುವಾಗಲೇ ನಿಂತರೆ ವೆಂಟ್ ಕಟ್ಟಿದೆ, ಇಲ್ಲವೇ ಫಿಲ್ ಹೋಸು ಎಲ್ಲೋ ಜೋತುಬಿದ್ದು ಹೊಟ್ಟೆಯಲ್ಲಿ ಪೆಟ್ರೋಲ್ ನಿಲ್ಲಿಸಿಕೊಂಡಿದೆ. ಮುಕ್ಕಾಲು ಭಾಗ ಸಲೀಸಾಗಿ ತುಂಬಿ ಆಮೇಲೆ ತಕರಾರು ಎದ್ದರೆ ಬೋಟು ನಿಂತ ಓರೆ ಕಾರಣವಿರಬಹುದು: ಟ್ಯಾಂಕಿನ ವೆಂಟ್ ತೂತು ಇರುವ ತುದಿ ತಗ್ಗಿದರೆ ಅದು ಬೇಗ ಮುಳುಗುತ್ತದೆ. ಟ್ರೈಲರಿನ ಮೂತಿ ಎತ್ತಿಯೋ ಇಳಿಸಿಯೋ ಮತ್ತೆ ಹಾಕಿ ನೋಡಲು ಖರ್ಚೇನಿಲ್ಲ. ಪೂರ್ತಿ ವೇಗದಲ್ಲಿ ಎಂಜಿನ್ ಸೊರಗಿ, ಫಿಲ್ ಕ್ಯಾಪ್ ಸಡಿಲಿಸಿದ ಕೂಡಲೇ ಚೇತರಿಸಿಕೊಂಡರೆ ಅನುಮಾನವೇ ಬೇಡ, ವೆಂಟ್ ಮುಚ್ಚಿದೆ. ಎಂಜಿನ್ ಎಳೆದಷ್ಟು ಗಾಳಿ ಟ್ಯಾಂಕಿಗೆ ಮರಳುತ್ತಿಲ್ಲ.

ಇನ್ನೊಂದು ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ನಾಜಲ್ ಹಿಡಿದು ಅರ್ಧ ವೇಗದಲ್ಲಿ ಹಾಕುತ್ತಿರಲಿ, ಮತ್ತೊಬ್ಬರು ವೆಂಟ್ ಮೂತಿಯ ಮುಂದೆ ಅಂಗೈ ಹಿಡಿಯಲಿ. ಗಾಳಿ ಧಾರಾಳವಾಗಿ ಬಡಿಯುತ್ತಿದ್ದರೂ ನಾಜಲ್ ನಿಲ್ಲುತ್ತಿದ್ದರೆ ದೋಷ ಫಿಲ್ ಹೋಸಿನ ಕಡೆಗಿದೆ. ಗಾಳಿಯ ಸುಳಿವೇ ಇಲ್ಲದಿದ್ದರೆ ಮುಂದೆ ಓದಿ.

ಮೊದಲು ವೆಂಟ್ ಮೂತಿ. ಪ್ಲಾಸ್ಟಿಕ್ಕಿನದು ಹತ್ತು ಹದಿನೈದು ಡಾಲರಿಗೆ ಸಿಗುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದಕ್ಕೆ ಹೆಚ್ಚು. ಆಟ್‌ವುಡ್, ಪರ್ಕೊ ಎರಡೂ ಹಳೆಯ ಹೆಸರುಗಳು. ಪರ್ಕೊ 1907ರಿಂದ ಬೋಟ್ ಸಾಮಾನು ಮಾಡುತ್ತಿದೆ. ಲೋಹವೋ ಪ್ಲಾಸ್ಟಿಕ್ಕೋ ಎನ್ನುವುದಕ್ಕಿಂತ ಒಳಗಿನ ಜಾಲರಿಯನ್ನು ಬಿಚ್ಚಿ ತೊಳೆಯಬಹುದೇ ಎನ್ನುವುದು ಮುಖ್ಯ. ಜಾಲರಿ ಇರಲೇಬೇಕು, ಹೊರಗಿನ ಕಿಡಿ ಒಳಗೆ ಹೋಗದಂತೆ ತಡೆಯುವುದು ಅದೇ. ಆದರೆ ಉಪ್ಪುಗಾಳಿಗೆ ಅದು ಕಿಲುಬು ಹಿಡಿದು ಮುಚ್ಚುತ್ತದೆ, ಅಥವಾ ಕುಂಬಾರ ಹುಳ ಬಂದು ಮಣ್ಣು ಮೆತ್ತಿಬಿಡುತ್ತದೆ. ಜೇಡರ ಬಲೆ ಸಾಕೇ ಎಂದು ನಗುವವರಿಗೆ: ಮಜ್ದಾ ಕಂಪನಿ 2011ರಲ್ಲಿ ಮಜ್ದಾ 6 ಕಾರುಗಳನ್ನು ವಾಪಸು ಕರೆಸಿದ್ದು ವೆಂಟ್ ಕೊಳವೆಯೊಳಗೆ ಜೇಡ ಬಲೆ ಕಟ್ಟುತ್ತದೆಂದೇ. ಜಾಲರಿಯನ್ನು ಒಳಗೇ ಒತ್ತಿ ಕೂರಿಸಿದ ಮೂತಿ ಒಮ್ಮೆ ಕಟ್ಟಿದರೆ ಎಸೆಯಬೇಕಷ್ಟೆ. ಬಿಚ್ಚಬಹುದಾದ ಜಾಲರಿಯ ಪ್ಲಾಸ್ಟಿಕ್ ಮೂತಿಯನ್ನು, ಬಿಚ್ಚಲಾಗದ ಸ್ಟೀಲ್ ಮೂತಿಗಿಂತ ಮೇಲೆಂದೇ ಹೇಳಬೇಕು. ಒಂದೇ ಆಕ್ಷೇಪ, ಅದರ ಹೋಸ್ ಕೂರುವ, ಮೊಣಕೈಯಂತೆ ಬಾಗಿದ ಭಾಗ ಬಿಸಿಲಿಗೆ ಒಣಗಿ ಬಿರಿಯುತ್ತದೆ. ನಟ್ ಬಿಗಿಯುವಾಗ ಸ್ಪ್ಯಾನರ್ ಬೇಡ, ಕೈ ಬಿಗಿಯ ಮೇಲೆ ಕಾಲು ಸುತ್ತು ಸಾಕು. ಕೂರಿಸುವ ಜಾಗದಲ್ಲಿ ಬೋಟಿನೊಳಕ್ಕೆ ತೆರೆಯುವ ಯಾವುದೇ ಕಿಂಡಿಯಿಂದ 15 ಇಂಚು ಅಂತರವಿರಲಿ. ಹೊರಬಂದ ಆವಿ ಒಳಗೆ ಹೊಕ್ಕರೆ ಬೋಟಿನ ತಳದಲ್ಲಿ ಕೂತು ಸ್ಟಾರ್ಟರಿನ ಕಿಡಿಗೆ ಕಾಯುತ್ತದೆ.

ಈಗ ಹೋಸು. ತೊಂದರೆ ಹೆಚ್ಚಾಗಿ ಹುಟ್ಟುವುದೇ ಇಲ್ಲಿ. ಒಳವ್ಯಾಸ 16 ಮಿಲಿಮೀಟರ್, ಅಂದರೆ ಅಂಗಡಿಯವರು 5/8 ಇಂಚು ಎನ್ನುವುದು. ಹೋಸಿನ ಮೈಮೇಲೆ ಯುಎಸ್‌ಸಿಜಿ (ಅಮೆರಿಕದ ಕರಾವಳಿ ರಕ್ಷಣಾ ಪಡೆ) ಎ1 ಅಥವಾ ಎ2 ಎಂದು ಮುದ್ರೆ ಇರಬೇಕು. ‘ಎ’ ಎಂದರೆ ಎರಡೂವರೆ ನಿಮಿಷದ ಬೆಂಕಿ ಪರೀಕ್ಷೆ ದಾಟಿದ್ದು. ಅಂಕಿ ಹೇಳುವುದು ಗೋಡೆಯ ಮೂಲಕ ಆವಿ ಎಷ್ಟು ಜಿನುಗುತ್ತದೆಂದು: ದಿನಕ್ಕೆ ಚದರ ಮೀಟರಿಗೆ 1ರದ್ದು 100 ಗ್ರಾಂ, 2ರದ್ದು 300 ಗ್ರಾಂ ಮೀರುವಂತಿಲ್ಲ. ಮುದ್ರೆಯಿಲ್ಲದ ಪಾರದರ್ಶಕ ಪಿವಿಸಿ ಕೊಳವೆ ಅಗ್ಗವೆಂದು ತರುವವರಿದ್ದಾರೆ. ಎಥನಾಲ್ ಬೆರೆತ ಪೆಟ್ರೋಲಿನ ಆವಿಗೆ ಅದು ಗಟ್ಟಿಯಾಗಿ, ತಿರುವಿನಲ್ಲಿ ಮಡಚಿಕೊಳ್ಳುತ್ತದೆ. ದುಬಾರಿ ಹೋಸಿನಲ್ಲೂ ಒಂದು ಕುಂದಿದೆ: ತಂತಿ ಸುರುಳಿ ಇಲ್ಲದ್ದು ಸಣ್ಣ ತಿರುವಿನಲ್ಲಿ ಚಪ್ಪಟೆಯಾಗುತ್ತದೆ. ಗೋಡೆಯೊಳಗೆ ಸುರುಳಿ ಇರುವುದನ್ನೇ ಕೇಳಿ ತನ್ನಿ.

ಹೋಸು ಎಷ್ಟೇ ಒಳ್ಳೆಯದಿರಲಿ, ಎಳೆದ ರೀತಿ ಕೆಟ್ಟರೆ ವ್ಯರ್ಥ. ಟ್ಯಾಂಕಿನಿಂದ ಹೊರಟದ್ದು ಎಲ್ಲೂ ಇಳಿಯದೆ ಏರುತ್ತಲೇ ಹೋಗಿ, ಮೂತಿಯ ಹತ್ತಿರ ಅದಕ್ಕಿಂತ ಎತ್ತರಕ್ಕೆ ಒಂದು ಕಮಾನು ಹಾಕಿ ಮೂತಿಗೆ ಇಳಿಯಬೇಕು. ನಡುವೆ ಒಂದು ಕಡೆ ಜೋತರೆ ಆ ತಗ್ಗಿನಲ್ಲಿ ಪೆಟ್ರೋಲ್ ನಿಂತು ಸಿಂಕಿನ ಕೆಳಗಿನ ಯು ಕೊಳವೆಯ ಹಾಗೆ ಗಾಳಿಗೆ ಬಿರಡೆಯಾಗುತ್ತದೆ. ಮೂತಿ, ವಾಲ್ವು ಎಲ್ಲ ಹೊಸದು ಹಾಕಿದರೂ ತೊಂದರೆ ಹೋಗದ ಬೋಟುಗಳಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನೇ. ಪತ್ತೆ ಸುಲಭ: ಮೂತಿಯ ಕಡೆಯ ತುದಿ ಬಿಚ್ಚಿ, ಹೋಸನ್ನು ಪೆಟ್ರೋಲ್ ಕ್ಯಾನಿಗೆ ತಗ್ಗಿಸಿ. ಕಾಲು ಲೋಟ ಬಸಿದರೂ ರೋಗ ಸಿಕ್ಕಿತು. ಒಂದೂವರೆ ಅಡಿಗೊಂದರಂತೆ ರಬ್ಬರ್ ಒಳಪಟ್ಟಿಯ ಕ್ಲಿಪ್ ಹಾಕಿ ಎತ್ತಿ ಕಟ್ಟಿ.

ಹೋಸು ಶುದ್ಧಮಾಡಲು ಕಂಪ್ರೆಸರ್ ತರುವವರು ಒಂದು ಲೆಕ್ಕ ನೆನಪಿಡಲಿ. ಬೋಟಿನ ಪೆಟ್ರೋಲ್ ಟ್ಯಾಂಕನ್ನು ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಪರೀಕ್ಷಿಸುವುದು 3 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡಕ್ಕೆ, ಕಂಪ್ರೆಸರ್ ಕೊಡುವುದು ನೂರರ ಆಸುಪಾಸು. ಹೋಸಿನ ಎರಡೂ ತುದಿ ಬಿಚ್ಚಿಕೊಂಡೇ ಊದಬೇಕು, ಟ್ಯಾಂಕಿನ ಕಡೆಗೆ ಎಂದಿಗೂ ಅಲ್ಲ. ಬಾಯಿಯಿಂದ ಎಳೆಯುವುದಂತೂ ಬೇಡವೇ ಬೇಡ.

ಇಷ್ಟಾದ ಮೇಲೆ ಸರ್ಜ್ ವಾಲ್ವಿನ ಮಾತು. ಒಳಗೊಂದು ಗುಂಡೋ ತೇಲುವ ಬಿರಡೆಯೋ ಇರುತ್ತದೆ. ಗಾಳಿ ಬಂದರೆ ಬಿಡುತ್ತದೆ, ಪೆಟ್ರೋಲ್ ಚಿಮ್ಮಿದರೆ ತಡೆಯುತ್ತದೆ. ರೇಕರ್ ಕಂಪನಿಯ ಲೈಫ್‌ಗಾರ್ಡ್ ಈ ಜಾತಿಯದೇ, ಗಾಳಿ ಮತ್ತು ಪೆಟ್ರೋಲನ್ನು ಬೇರ್ಪಡಿಸುವಂಥದು. ಇದು ವಾಸಿಮಾಡುವುದು ನೀರಿಗೆ ಪೆಟ್ರೋಲ್ ಚೆಲ್ಲುವುದನ್ನು, ನಿಧಾನವನ್ನಲ್ಲ. ಗಾಳಿಯ ದಾರಿಯಲ್ಲಿ ಇನ್ನೊಂದು ಇಕ್ಕಟ್ಟು ಸೇರಿಸಿದಂತೆಯೇ ಆಗುತ್ತದೆ. ಗುಂಡು ಅಂಟಿಕೊಂಡರೆ ಹೊಸ ತೊಂದರೆ. ಚೆಲ್ಲುವುದು ನಿಜವಾಗಿ ಕಾಡುತ್ತಿದ್ದರೆ ಕೊಳ್ಳಿ. ಬಾಣದ ಗುರುತು ನೋಡಿ, ಟ್ಯಾಂಕಿನ ಮೇಲ್ಭಾಗಕ್ಕಿಂತ ಎತ್ತರದಲ್ಲಿ, ತಯಾರಕರು ಹೇಳಿದ ನಿಲುವಿನಲ್ಲೇ ಕೂರಿಸಿ. ನೆಟ್ಟಗೆ ನಿಲ್ಲಬೇಕಾದ್ದನ್ನು ಮಲಗಿಸಿ ಕಟ್ಟಿದರೆ ಗುಂಡು ಜಾಗಕ್ಕೆ ಬಾರದು.

ಅಂಟಿಸುವ ಬಾಟಲಿಯದೂ ಅದೇ ಕತೆ. ತುಂಬುವಾಗ ಚೆಲ್ಲಿದ್ದನ್ನು ಹಿಡಿಯಲು ಚೆನ್ನಾಗಿದೆ, ಅಮೆರಿಕದಲ್ಲಿ ನೀರಿನ ಮೇಲೆ ಪೆಟ್ರೋಲಿನ ಪೊರೆ ಕಂಡರೂ ವರದಿ ಮಾಡಬೇಕಾದ ಕಾನೂನಿರುವುದರಿಂದ ಉಪಯುಕ್ತವೂ ಹೌದು. ವೇಗಕ್ಕೆ ಏನೂ ಮಾಡದು.

ಈ ನಾಲ್ಕರ ಸಾಲಿನಲ್ಲಿ ಇರದ, ಆದರೆ ಹಳೆಯ ಬೋಟಿಗೆ ಬೇಕಾಗುವ ಐದನೆಯದು ಫಿಲ್ ಹೋಸು. ಒಳವ್ಯಾಸ 38 ಮಿಲಿಮೀಟರ್. ಎಥನಾಲಿಗೆ ಸೋತ ಹಳೆಯ ಹೋಸು ಹೊರಗಿನಿಂದ ಅಂದವಾಗಿಯೇ ಕಾಣುತ್ತದೆ, ಒಳಪದರ ಮಾತ್ರ ಕಳಚಿ ನಾಲಿಗೆಯಂತೆ ಜೋತುಬಿದ್ದಿರುತ್ತದೆ. ಟಾರ್ಚ್ ಹಿಡಿದು ಕಂಡಷ್ಟೂ ನೋಡಿ; ಬೆರಳು ಹಾಕಿ ಒರೆಸಿದರೆ ಕಪ್ಪು ಮಸಿ ಮೆತ್ತಿಕೊಂಡರೆ ಬದಲಿಸುವ ಕಾಲ ಬಂತು. ಪ್ರತಿ ತುದಿಗೆ ಎರಡು ಕ್ಲಾಂಪ್, ಸ್ಪ್ರಿಂಗ್ ಜಾತಿಯದು ಬೇಡ. ಡೆಕ್ಕಿನ ಲೋಹದ ಫಿಲ್ ತಟ್ಟೆಯಿಂದ ಟ್ಯಾಂಕಿಗೆ ಹೋಗುವ ಅರ್ಥ್ ತಂತಿಯನ್ನು ಹೋಸು ಮತ್ತು ಪೈಪಿನ ನಡುವೆ ಸಿಕ್ಕಿಸಿ ಬಿಗಿಯಬಾರದು, ಅಲ್ಲೇ ಸೋರುತ್ತದೆ.

2011ರ ನಂತರದ ಹಲವು ಬೋಟುಗಳಲ್ಲಿ ಪೆಟ್ರೋಲ್ ಆವಿ ಹೊರಹೋಗದಂತೆ ತಡೆಯುವ ಅಮೆರಿಕದ ನಿಯಮದ ಕಾರಣ ವೆಂಟ್ ದಾರಿಯಲ್ಲಿ ಆವಿ ಹೀರುವ ಇದ್ದಿಲಿನ ಡಬ್ಬಿ ಇರುತ್ತದೆ, ಅಥವಾ 1 ಪಿಎಸ್‌ಐ ಒತ್ತಡದವರೆಗೆ ಮುಚ್ಚಿಕೊಂಡೇ ಇರುವ ವಾಲ್ವ್ ಇರುತ್ತದೆ. ಎರಡನೆಯದರಲ್ಲಿ ಕ್ಯಾಪ್ ತೆರೆದಾಗ ಬುಸ್ ಎನ್ನುವುದು ಸಹಜ, ಹೆದರಬೇಡಿ. ಮೊದಲನೆಯದರಲ್ಲಿ ನಾಜಲ್ ನಿಂತ ಮೇಲೂ ‘ಇನ್ನೊಂದು ಸ್ವಲ್ಪ’ ಎಂದು ಒತ್ತಿದರೆ ಪೆಟ್ರೋಲ್ ಡಬ್ಬಿಗೆ ಹೊಕ್ಕು ಇದ್ದಿಲು ನೆನೆಯುತ್ತದೆ, ಆಮೇಲೆ ಗಾಳಿಯೂ ಹೋಗದು. ಇಂಥ ಬೋಟಿಗೆ ಹಳೆಯ ಮಾದರಿಯ ಕ್ಯಾಪನ್ನೋ ಮೂತಿಯನ್ನೋ ಹಾಕುವುದು ತಪ್ಪು ಖರೀದಿ. ಬೋಟಿನ ತಯಾರಕರು ಹೇಳಿದ ಭಾಗವನ್ನೇ ತರಿಸಿ.

ಮಲ್ಪೆ, ಮಂಗಳೂರಿನ ಡೀಸೆಲ್ ಬೋಟಿನವರಿಗೆ ಈ ಅಂಗಡಿ ಸರಕು ಹೆಚ್ಚೇನೂ ಕೆಲಸಕ್ಕೆ ಬಾರದು. ಅಲ್ಲಿ ವೆಂಟ್ ಎಂದರೆ ಬಗ್ಗಿಸಿದ ಕಬ್ಬಿಣದ ಪೈಪು. ಆದರೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧದಲ್ಲಿ ಬೋಟು ಸುಮ್ಮನೆ ನಿಂತಾಗ ಕುಂಬಾರ ಹುಳಕ್ಕೆ ಬೇಕಾದಷ್ಟು ಸಮಯವಿರುತ್ತದೆ. ಮಳೆ ನೀರು ಹೋಗದಿರಲೆಂದು ಬಟ್ಟೆ ತುರುಕಿದ್ದರೆ ಅದನ್ನು ತೆಗೆಯಲು ನೆನಪಿರಬೇಕು. ಡೀಸೆಲ್ ನೊರೆ ಕಟ್ಟುವುದರಿಂದ ವೆಂಟ್ ಸರಿಯಿದ್ದರೂ ನಾಜಲ್ ಬೇಗ ನಿಲ್ಲಬಹುದು. ಹರಿವು ತಗ್ಗಿಸಿ, ನೊರೆ ಇಳಿಯಲು ಬಿಟ್ಟು ಮತ್ತೆ ಹಾಕುವುದೇ ಅದಕ್ಕೆ ಮದ್ದು.

ಎಲ್ಲ ಜೋಡಿಸಿದ ಮೇಲೆ ಮಲ್ಟಿಮೀಟರಿನಿಂದ ಡೆಕ್ಕಿನ ಲೋಹದ ತಟ್ಟೆಗೂ ಬೋಟಿನ ಅರ್ಥಿಗೂ ನಡುವೆ ಅಳೆಯಿರಿ, 100 ಓಮಿಗಿಂತ ಕಡಿಮೆ ಬರಬೇಕು. ಮೊದಲ ಸಲ ಇಪ್ಪತ್ತು ಲೀಟರ್ ಹಾಕಿ, ನೆಲದ ಮುಚ್ಚಳ ತೆಗೆದು ಪ್ರತಿ ಜೋಡಣೆಯನ್ನು ಒಣ ಬಟ್ಟೆಯಿಂದ ಒರೆಸಿ ನೋಡಿ. ಟ್ಯಾಂಕನ್ನು ಕಂಠಮಟ್ಟ ತುಂಬಬೇಡಿ: ಬೆಳಗಿನ ತಂಪಿನಲ್ಲಿ ಹಾಕಿದ 100 ಲೀಟರ್ ಪೆಟ್ರೋಲ್ ಹತ್ತು ಡಿಗ್ರಿ ಬಿಸಿಯೇರಿದರೆ ಸುಮಾರು ಒಂದು ಲೀಟರ್ ಹಿಗ್ಗುತ್ತದೆ, ಆ ಲೀಟರು ಹೊರಬೀಳುವುದು ಹೊಸದಾಗಿ ಕೂರಿಸಿದ ವೆಂಟ್ ಮೂತಿಯಿಂದಲೇ.